ಶ್ರೀಮಂತ ಪ್ರಕಾಶಕ ಬೆಳೆಸಿದ ಕಾಡು

ಪ್ರಿಯ ಓದುಗರೇ,

ಬ್ರಿಟನ್ನಿನ ಪ್ರಕಾಶಕ ಫೆಲಿಕ್ಸ್ ಡೆನಿಸ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಲಿಲ್ಲ. 'ಪತ್ರಿಕೆ ಅಚ್ಚು ಹಾಕಲು ಮರ ಕಡಿಸಿದವರು ಕೊನೆಗಾಲದಲ್ಲಿ ಗಿಡ ನೆಟ್ಟರೆ ದೊಡ್ಡವರಾಗುತ್ತಾರಾ? ದುಡ್ಡಿಲ್ಲದಿದ್ದರೆ ಅವರ ಕವಿತೆ ಯಾರು ಕೇಳುತ್ತಿದ್ದರು?' ಎಂದಿದ್ದೀರಿ. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಕಾಗದದ ಋಣವಂತೂ ನಮ್ಮ ಪತ್ರಿಕೆಗೂ ಇದೆ.

ಆದರೆ 'ಕೊನೆಗಾಲ' ಅನ್ನುವುದು ಸರಿಯಲ್ಲ. ವಾರಿಕ್‌ಶೈರ್‌ನ ಡಾರ್ಸಿಂಗ್ಟನ್ ಹಳ್ಳಿಯ ಸುತ್ತ ಅವರು ಗಿಡ ನೆಡಲು ಶುರು ಮಾಡಿದ್ದು 1990ರ ದಶಕದಲ್ಲೇ. ಅವರ 'ಮ್ಯಾಕ್ಸಿಮ್' ಪತ್ರಿಕೆ ಬೆಳೆಯುತ್ತಿದ್ದ ಕಾಲ ಅದು. ಹುಟ್ಟು ಶ್ರೀಮಂತರೂ ಅಲ್ಲ. 'ಓಜ್' ಪತ್ರಿಕೆಯನ್ನು ಬೀದಿಯಲ್ಲಿ ಮಾರುತ್ತಾ ಈ ಕಸುಬಿಗೆ ಬಂದವರು.

ಅವರು ನೆಡಿಸಿದ್ದು ಓಕ್‌ನಂಥ ಅಲ್ಲಿಯದೇ ಮರಗಳು. ಬೇಗ ಕಡಿದು ಮಾರುವ ಜಾತಿಗಳಲ್ಲ. ಓಕ್ ಮರ ಕೊಂಬೆ ಚಾಚಿ ನಿಲ್ಲಲು ಒಂದು ತಲೆಮಾರು ಸಾಲದು. 2013ರಲ್ಲಿ 10 ಲಕ್ಷನೇ ಗಿಡ ನೆಟ್ಟಾಗ ಅವರಿಗೆ ಗಂಟಲಿನ ಕ್ಯಾನ್ಸರ್ ಇತ್ತು. ಮರುವರ್ಷ ಜೂನ್‌ನಲ್ಲಿ, 67ನೇ ವಯಸ್ಸಿನಲ್ಲಿ ತೀರಿಕೊಂಡರು.

ನಾನು ಜಾಸ್ತಿ ಮೆಚ್ಚುವುದು ಅವರ ಉಯಿಲನ್ನು. ಆಸ್ತಿಯ ಬಹುಪಾಲನ್ನು 'ಹಾರ್ಟ್ ಆಫ್ ಇಂಗ್ಲೆಂಡ್ ಫಾರೆಸ್ಟ್' ಎಂಬ ದತ್ತಿಸಂಸ್ಥೆಗೆ ಬಿಟ್ಟುಹೋದರು. 2018ರಲ್ಲಿ ಅವರ ಪ್ರಕಾಶನ ಸಂಸ್ಥೆಯನ್ನು ಮಾರಿದಾಗ ಬಂದ ಹಣವೂ ಆ ಕಾಡಿಗೇ ಮೀಸಲಾಯಿತು. ಅಂದರೆ ಪತ್ರಿಕೆ ದುಡಿದದ್ದು ಮರಕ್ಕೇ ಹೋಯಿತು, ಅಲ್ವಾ? ಗಿಡ ನೆಡುವುದು ಒಂದು ದಿನದ ಕೆಲಸ. ಜಿಂಕೆ, ಮೊಲ ತಿನ್ನದಂತೆ ಕಾಯಬೇಕು, ಕಳೆ ಕೀಳಬೇಕು, ಬೆಳೆದ ಮೇಲೆ ಒತ್ತಾದಲ್ಲಿ ಕೆಲವನ್ನು ಕಡಿದು ಬೆಳಕು ಬಿಡಬೇಕು. ಇದಕ್ಕೆಲ್ಲ ವರ್ಷಗಟ್ಟಲೆ ಸಂಬಳ ಕೊಡುವವರು ಬೇಕು. ನಮ್ಮಲ್ಲಿ ವನಮಹೋತ್ಸವದ ಎಷ್ಟೋ ಸಸಿಗಳು ಮುಂದಿನ ಬೇಸಿಗೆಗೇ ಒಣಗುತ್ತವೆ. ನೀರು ಹಾಕುವವರಿಗೆ ಯಾರೂ ಹಣ ಎತ್ತಿಟ್ಟಿರುವುದಿಲ್ಲ. ಡೆನಿಸ್ ಎತ್ತಿಟ್ಟರು.

ಕವಿತೆಯ ವಿಷಯದಲ್ಲಿ ಅರ್ಧ ನಿಮ್ಮ ಮಾತೇ ನಿಜ. ಅವರು ಊರೂರು ತಿರುಗಿ ಕವಿತೆ ಓದುವಾಗ ಬಂದವರಿಗೆಲ್ಲ ಪುಕ್ಕಟೆ ವೈನ್ ಕೊಡುತ್ತಿದ್ದರು. ಅದು ದುಡ್ಡಿನ ಬಲ. ಆದರೆ ಐವತ್ತು ದಾಟಿದ ಮೇಲೆ ಕವಿತೆ ಹಿಡಿದವರು ಸುಮ್ನೆ ಗೀಚಲಿಲ್ಲ. ಛಂದಸ್ಸು, ಪ್ರಾಸ ಬಿಡದೆ ಸಂಕಲನದ ಮೇಲೆ ಸಂಕಲನ ತಂದರು. ದೊಡ್ಡ ಕವಿ ಎಂದು ನಾನು ಹೇಳುವುದಿಲ್ಲ. ಗಟ್ಟಿಯಾಗಿ ಓದಿದರೆ ಕಿವಿಗೆ ಹಿತವಾಗಿರುತ್ತವೆ. ಮರಗಳ ಮೇಲೆ ಬರೆದವು ನನಗೆ ತುಂಬಾ ಇಷ್ಟ. ನೀವೂ ಅವುಗಳಿಂದಲೇ ಶುರು ಮಾಡಿ. ಓದಿದ ಮೇಲೂ ಒಪ್ಪಿಗೆಯಾಗದಿದ್ದರೆ ಮತ್ತೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ