ಬೈಕ್ ಹುಡುಗ, ಹೋಮ್ ನರ್ಸ್ ಹುಡುಗಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಬೈಕ್ ಸವಾರ ಮತ್ತು ರೋಗಿಯನ್ನು ನೋಡಿಕೊಳ್ಳುವ ಹುಡುಗಿಯ ಪ್ರೇಮಕಥೆ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಬರೆಯುವವರೂ ಕೇಳಿದ್ದಾರೆ, ಓದುವವರೂ ಕೇಳಿದ್ದಾರೆ. ಎಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾನೊಂದು ಕಾದಂಬರಿ ಬರೆಯುತ್ತಿದ್ದೇನೆ. ನಾಯಕ ಮೈಸೂರಿನವನು, ಬೈಕ್ ಹುಚ್ಚು, ಶನಿವಾರ ಬಂದರೆ ಮನೆಯಲ್ಲಿ ನಿಲ್ಲುವುದಿಲ್ಲ. ಅವನ ಅಪ್ಪನಿಗೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದಾರೆ. ಅವರನ್ನು ನೋಡಿಕೊಳ್ಳಲು ಬರುವ ಹೋಮ್ ನರ್ಸ್ ನಾಯಕಿ. ಓದಿದ ಗೆಳತಿಯರು ‘ಹುಡುಗಿ ದೇವತೆ ತರ ಇದ್ದಾಳೆ, ಹುಡುಗ ಬರೀ ಜಾಕೆಟ್ಟು’ ಅಂತಾರೆ. ಮೊದಲ ಅಧ್ಯಾಯ ಕಳಿಸಿದ್ದೇನೆ. ಏನು ಮಾಡಲಿ? (ಓದುಗರು, ಹಾಸನ)

ಉತ್ತರ: ನಿಮ್ಮ ಗೆಳತಿಯರು ಸರಿಯಾಗಿಯೇ ಹೇಳಿದ್ದಾರೆ. ನೀವು ಕಳಿಸಿದ ಅಧ್ಯಾಯದಲ್ಲಿ ಹುಡುಗಿ ಅಪ್ಪನ ಹಣೆ ಸವರುತ್ತಾಳೆ, ಕಿಟಕಿ ಪರದೆ ಸರಿಸುತ್ತಾಳೆ, ನಗುತ್ತಾಳೆ. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ದಿನ ಹಾಗೆ ಕಳೆಯುವುದಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿ ಕೂಡ. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಶುರುವಾಗುತ್ತದೆ. ಚರ್ಮ ಕೆಂಪಾಗಿದ್ದು, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಸದಿದ್ದರೆ ಅದೇ ಮೊದಲ ಸೂಚನೆ. ಮೂಗಿನ ಟ್ಯೂಬಿನಲ್ಲಿ ಊಟ ಕೊಡುವಾಗ ತಲೆಭಾಗ ಎತ್ತರಿಸಬೇಕು, ಕೊಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೇ ಇಡಬೇಕು, ಮಟ್ಟಸವಾಗಿ ಮಲಗಿಸಿಬಿಟ್ಟರೆ ಗಂಜಿ ವಾಪಸ್ ಬಂದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯ. ಇಷ್ಟೆಲ್ಲ ಮಾಡುವ ಹುಡುಗಿಗೆ ನಿದ್ದೆ ಕಡಿಮೆ, ಬೆನ್ನು ನೋವು, ಒಮ್ಮೊಮ್ಮೆ ಸಿಟ್ಟು. ಆ ಸಿಟ್ಟು ಬರೆದಿರೋ, ದೇವತೆ ತಾನಾಗಿ ಹುಡುಗಿಯಾಗುತ್ತಾಳೆ.

ಈಗ ಹುಡುಗ. ಅವನು ಅಪ್ಪನನ್ನು ಮುಟ್ಟುವುದೇ ಇಲ್ಲ ಅಲ್ವಾ ನಿಮ್ಮ ಕಥೆಯಲ್ಲಿ? ಬಾಗಿಲಲ್ಲಿ ನಿಂತು ನೋಡುತ್ತಾನೆ, ಕಣ್ಣು ಒದ್ದೆಯಾಗುತ್ತದೆ, ಬೈಕ್ ಹತ್ತಿ ಹೋಗುತ್ತಾನೆ. ಅವನನ್ನು ಒಳಗೆ ಕರೆಯಿರಿ. ಅಪ್ಪ ಹಾಸಿಗೆಯಲ್ಲಿ ಕೆಳಗೆ ಜಾರಿದ್ದಾರೆ, ಮಗ ಬಂದು ಬಲಗೈ ಹಿಡಿದು ಮೇಲಕ್ಕೆ ಎಳೆಯುತ್ತಾನೆ. ಅದೇ ಸ್ವಾಧೀನ ತಪ್ಪಿದ ಕೈ. ‘ಕೈ ಹಿಡಿದು ಎಳೀಬೇಡಿ, ಭುಜ ಜಾರುತ್ತೆ’ ಅಂತ ಅವಳು ಗದರುತ್ತಾಳೆ. ಇದು ನಿಜವಾದ ಅಪಾಯ, ಸ್ಟ್ರೋಕ್ ಆದ ಕಡೆಯ ಭುಜದ ಸ್ನಾಯು ಸಡಿಲವಾಗಿರುತ್ತದೆ. ಆಮೇಲೆ ಒಂದು ಬೆಡ್‌ಶೀಟ್ ಮಡಚಿ ಅಪ್ಪನ ಬೆನ್ನಡಿಗೆ ಸೇರಿಸುತ್ತಾರೆ. ಅವಳು ಆ ಕಡೆ, ಇವನು ಈ ಕಡೆ, ಅಂಚು ಸುತ್ತಿ ಹಿಡಿದು, ಒಂದು ಎರಡು ಮೂರು ಅಂತ ಒಟ್ಟಿಗೆ ಎತ್ತಿ ದಿಂಬಿನ ಕಡೆ ಸರಿಸುತ್ತಾರೆ. ಮೊದಲ ಸಲ ಇವನ ಕಡೆ ಬೇಗ ಎಳೆದು ಅಪ್ಪ ಓರೆಯಾಗುತ್ತಾರೆ. ಎರಡನೇ ಸಲ ಸರಿಹೋಗುತ್ತದೆ. ನನ್ನ ಮಟ್ಟಿಗೆ ನಿಮ್ಮ ಕಾದಂಬರಿಯ ಮೊದಲ ಪ್ರೇಮದೃಶ್ಯ ಇದೇ. ಮಳೆ, ಗುಲಾಬಿ ಯಾವುದೂ ಬೇಡ.

ಪ್ರಶ್ನೆ: ಕಥೆಗಳಲ್ಲಿ ನಾಯಕನಿಗೆ ಯಾವಾಗಲೂ ಬುಲೆಟ್ಟೇ ಯಾಕೆ? ಬೇರೆ ಬೈಕ್ ಇಲ್ವಾ? (ಓದುಗರು, ದಾವಣಗೆರೆ)

ಉತ್ತರ: ಖಂಡಿತ ಇದೆ, ಅದೂ ನಮ್ಮ ಮೈಸೂರಿನದೇ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಅಲ್ಲಿ ಬೈಕ್ ತಯಾರಿಸಿತು, ಮೊದಲು ಜಾವಾ, ಆಮೇಲೆ ಯೆಜ್ಡಿ. ಟೂ ಸ್ಟ್ರೋಕ್ ಎಂಜಿನ್, ಜೋಡಿ ಸೈಲೆನ್ಸರ್. ಕಿಕ್ ಹೊಡೆಯುವ ಲಿವರ್ರೇ ಗೇರ್ ಲಿವರ್ ಕೂಡ. ಗೊತ್ತಿಲ್ಲದವರು ಕೂತರೆ ಕಿಕ್ಕರ್ ಎಲ್ಲಿ ಅಂತ ಹುಡುಕುತ್ತಾರೆ.

ಹಾಸನದವರೂ ಇದನ್ನು ಓದಲಿ. ಆ ಅಪ್ಪ ಆ ಕಾರ್ಖಾನೆಯಲ್ಲಿ ದುಡಿದವರಾಗಿದ್ದರೆ? ಇಪ್ಪತ್ತೈದರ ವಯಸ್ಸಿನಲ್ಲಿ ಬಾಗಿಲು ಮುಚ್ಚುವುದನ್ನು ನೋಡಿದವರಿಗೂ ಈಗ ಐವತ್ತು ದಾಟಿರುತ್ತದೆ. ಮಿದುಳಿನ ಎಡಭಾಗಕ್ಕೆ ಸ್ಟ್ರೋಕ್ ಆದರೆ ಬಲಗೈ ಬಲಗಾಲಿನ ಜೊತೆ ಮಾತೂ ಹೋಗುವುದುಂಟು. ಎಷ್ಟೋ ಜನರಿಗೆ ಹೇಳಿದ್ದು ಅರ್ಥವಾಗುತ್ತದೆ, ಹೇಳಬೇಕಾದ ಪದ ಮಾತ್ರ ಬಾಯಿಗೆ ಬರುವುದಿಲ್ಲ. ಅಂಗಳದಲ್ಲಿ ಮಗ ಯೆಜ್ಡಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಎಡವುತ್ತಿದ್ದರೆ ಅಪ್ಪನ ಮುಖ ಸಿಂಡರಿಸುತ್ತದೆ, ಎಡಗೈ ಬೆರಳು ಹಾಸಿಗೆ ಬಡಿಯುತ್ತದೆ. ಅದನ್ನು ಮೊದಲು ಗಮನಿಸುವವಳು ಆ ಹುಡುಗಿ, ಯಾಕೆಂದರೆ ಇಡೀ ದಿನ ಆ ಮುಖ ನೋಡುತ್ತಿರುವವಳು ಅವಳೇ. ಅವಳು ಹೊರಗೆ ಹೋಗಿ ‘ನಿಮ್ಮ ಗಾಡಿ ಸೌಂಡ್ ಸರಿಯಿಲ್ಲ ಅಂತಿದ್ದಾರೆ ಅಂಕಲ್’ ಅಂದರೆ ಮೂವರ ಕಥೆಯೂ ಒಂದೇ ಮಾತಿನಲ್ಲಿ ಮುಂದೆ ಹೋಗುತ್ತದೆ.

ಪ್ರಶ್ನೆ: ಅಕ್ಕಾ, ನಾನು ಹೋಮ್ ನರ್ಸ್. ಕಥೆಯಲ್ಲಿ ನಮ್ಮಂಥವರು ಮನೆಯ ಮಗನನ್ನು ಮದುವೆಯಾಗುವುದನ್ನು ಓದಿದರೆ ಯಾಕೋ ಕಸಿವಿಸಿ. ನನ್ನದೇ ತಪ್ಪು ಯೋಚನೆಯಾ? (ಓದುಗರು, ಮಂಗಳೂರು)

ಉತ್ತರ: ತಪ್ಪಲ್ಲ ತಂಗಿ. ನೀನು ಕೇಳಿದ್ದನ್ನು ಬರೆಯುವವರು ಮೊದಲೇ ಕೇಳಿಕೊಳ್ಳಬೇಕಿತ್ತು. ಅದು ನಿನಗೆ ದುಡಿಯುವ ಜಾಗ. ಅಲ್ಲೇ ಊಟ, ಅಲ್ಲೇ ನಿದ್ದೆ, ಏಜೆನ್ಸಿ ಕಮಿಷನ್ ಕಳೆದು ಉಳಿದ ಸಂಬಳ ಊರಿಗೆ ಹೋಗಬೇಕು. ಅಂಥ ಮನೆಯ ಮಗ ಬಂದು ‘ನೀನಂದ್ರೆ ಇಷ್ಟ’ ಅಂದರೆ, ಹುಡುಗ ಎಷ್ಟೇ ಒಳ್ಳೆಯವನಾಗಿರಲಿ, ಬೇಡ ಅಂದರೆ ಕೆಲಸ ಹೋಗುತ್ತದಾ ಅನ್ನುವ ಭಯ ಹುಡುಗಿಗೆ ಇದ್ದೇ ಇರುತ್ತದೆ. ಭಯ ಇರುವ ಕಡೆ ಅವಳ ‘ಹೂಂ’ ಅನ್ನು ನಾನು ಒಪ್ಪಿಗೆ ಅಂತ ಓದಲಾರೆ. ಎಷ್ಟೋ ಕಾದಂಬರಿಗಳಲ್ಲಿ ಇದು ಲೇಖಕರ ಕಣ್ಣಿಗೇ ಬೀಳುವುದಿಲ್ಲ, ಅದು ನನಗೆ ನಿಜಕ್ಕೂ ನೋವಿನ ವಿಷಯ.

ಹಾಗಂತ ಪ್ರೀತಿಯೇ ಬೇಡ ಅನ್ನುವುದಿಲ್ಲ. ಅವಳ ಸಂಬಳ ಎಷ್ಟು, ರಜೆ ಯಾವತ್ತು, ರಾತ್ರಿ ಎಲ್ಲಿ ಮಲಗುತ್ತಾಳೆ, ಇದೆಲ್ಲ ಕಥೆಯೊಳಗೆ ಬರಲಿ. ಅವನ ಮನಸ್ಸಿನ ಮಾತು ಅವಳು ಆ ಮನೆ ಬಿಟ್ಟು ಬೇರೆ ಕಡೆ ಕೆಲಸಕ್ಕೆ ಸೇರಿದ ಮೇಲೆ ಬರಲಿ. ಆಗ ಅವನು ಬೈಕ್ ತೆಗೆದುಕೊಂಡು ಅಷ್ಟು ದೂರ ಬಂದದ್ದಕ್ಕೆ ಬೆಲೆ. ಅವಳೂ ಧೈರ್ಯವಾಗಿ ಬೇಡ ಅನ್ನಬಹುದು, ಅಥವಾ ಭಾನುವಾರ ಬನ್ನಿ ಅನ್ನಬಹುದು.

ಪ್ರಶ್ನೆ: ನನ್ನ ಕಥೆಯಲ್ಲಿ ನಾಯಕ ಚಾರ್ಮಾಡಿ ಘಾಟಿಯಲ್ಲಿ ಬೈಕಿನಿಂದ ಬೀಳುತ್ತಾನೆ. ನಾಯಕಿ ಓಡಿಬಂದು ಹೆಲ್ಮೆಟ್ ತೆಗೆದು ತಲೆ ತೊಡೆ ಮೇಲೆ ಇಟ್ಟುಕೊಳ್ಳುತ್ತಾಳೆ. ಸರಿ ತಾನೇ? (ಓದುಗರು, ಚಿಕ್ಕಮಗಳೂರು)

ಉತ್ತರ: ಬೇಡ, ದಯವಿಟ್ಟು ಬದಲಿಸಿ. ಕತ್ತಿನ ಮೂಳೆಗೆ ಪೆಟ್ಟಾಗಿದ್ದರೆ ಆ ಒಂದು ಎಳೆತಕ್ಕೆ ಅವನ ಕೈಕಾಲು ಶಾಶ್ವತವಾಗಿ ಹೋಗಬಹುದು. ಉಸಿರಾಡುತ್ತಿದ್ದರೆ ಹೆಲ್ಮೆಟ್ ಹಾಗೇ ಇರಲಿ, ಮುಂದಿನ ಗಾಜು ಮಾತ್ರ ಎತ್ತಲಿ. ತಲೆ ಅಲುಗದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡು ಪಕ್ಕದವರಿಗೆ 108ಕ್ಕೆ ಫೋನ್ ಮಾಡಲು ಹೇಳಲಿ. ಉಸಿರೇ ಕಟ್ಟುತ್ತಿದ್ದರೆ ಮಾತ್ರ ತೆಗೆಯಬೇಕು, ಆಗಲೂ ಒಬ್ಬರು ಕತ್ತು ಹಿಡಿದಿರಬೇಕು, ಇನ್ನೊಬ್ಬರು ನಿಧಾನಕ್ಕೆ ಕಳಚಬೇಕು. ಅವಳು ನರ್ಸ್ ಆಗಿದ್ದರಂತೂ ಇದು ಗೊತ್ತಿರಲೇಬೇಕು. ಪೊಲೀಸ್ ಕೇಸ್ ಆಗುತ್ತದೆ ಅಂತ ಜನ ದೂರ ನಿಲ್ಲುವುದನ್ನು ಬರೆದಿದ್ದೀರಿ, ಅದು ಇರಲಿ. ಆದರೆ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಮಾಡಿದ ತಿದ್ದುಪಡಿಯಲ್ಲಿ ನೆರವಿಗೆ ಬಂದವರಿಗೆ ರಕ್ಷಣೆ ಇದೆ, ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ. ಇದನ್ನು ನಿಮ್ಮ ನಾಯಕಿ ಗಟ್ಟಿಯಾಗಿ ಹೇಳಲಿ.

ಇನ್ನೊಂದು. ತೊಡೆ ಮೂಳೆ ಮುರಿದವನನ್ನು ಮುಂದಿನ ತಿಂಗಳೇ ಬೈಕ್ ಹತ್ತಿಸಿದ್ದೀರಿ. ಅದು ಕೂಡಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳನ್ನು ಹಾರಿಸಬೇಡಿ, ವಾಕರ್ ಹಿಡಿದು ಬಾತ್‌ರೂಮಿಗೆ ಹೋಗುವ ಬೈಕ್ ಸವಾರನ ಅಧ್ಯಾಯ ಓದಲು ನಾನು ಕಾಯುತ್ತೇನೆ.

ಪ್ರಶ್ನೆ: ಕೊನೆ ಸುಖವಾಗಿಯೇ ಇರಬೇಕಾ? (ಓದುಗರು, ಶಿರಸಿ)

ಉತ್ತರ: ಇರಲಿ. ರೋಗಿಯ ಪಕ್ಕ ರಾತ್ರಿ ಕೂತು ಧಾರಾವಾಹಿ ಓದುವವರು ಎಷ್ಟೋ ಜನ ನನಗೆ ಬರೆಯುತ್ತಾರೆ. ಅವರಿಗೆ ಮದುವೆ ಮಂಟಪವೇ ಬೇಕು ಅಂತಿಲ್ಲ, ನಾಯಕಿ ಒಂದು ರಾತ್ರಿ ಪೂರ್ತಿ ಮಲಗಲಿ, ಅಪ್ಪನ ಮಗ್ಗುಲು ಆ ರಾತ್ರಿ ಹುಡುಗ ಬದಲಿಸಲಿ. ಸಾಕು.