ಮನೆಯಲ್ಲಿ ಕರೋಕೆ ಹಾಡೋಕೆ ಎಂಥ ಸೌಂಡ್ ಸಿಸ್ಟಮ್ ತಗೊಳ್ಳಬೇಕು?

ಸಾಧಾರಣ ಹಾಲ್‌ಗೆ 6.5 ಅಥವಾ 8 ಇಂಚಿನ ಒಂದು ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವಂಥದ್ದು) ಧಾರಾಳ ಸಾಕು. ಡಬ್ಬದ ಮೇಲಿನ ಸಾವಿರಾರು ವಾಟ್ ನೋಡಿ ಮರುಳಾಗಬೇಡಿ, ಆರ್‌ಎಂಎಸ್, ಅಂದರೆ ಸ್ಪೀಕರ್ ಸತತವಾಗಿ ಕೊಡಬಲ್ಲ ವಾಟ್, ಎಷ್ಟು ಅಂತ ಕೇಳಿ. ಮೈಕ್‌ಗೆ ಬೇರೆಯೇ ವಾಲ್ಯೂಮ್ ಮತ್ತು ಎಕೋ ನಾಬ್ ಇರಲೇಬೇಕು.

ದುಡ್ಡು ಜಾಸ್ತಿ ಹಾಕಬೇಕಾದ್ದು ಮೈಕ್‌ಗೆ. ಬ್ಲೂಟೂತ್ ಮೂಲಕ ಹೋದರೆ ನಿಮ್ಮ ದನಿ ಸ್ಪೀಕರ್‌ನಲ್ಲಿ 100-200 ಮಿಲಿಸೆಕೆಂಡ್ ತಡವಾಗಿ ಕೇಳಬಹುದು. ತಾಳ ತಪ್ಪೋಕೆ ಅಷ್ಟು ಸಾಕಲ್ವಾ? ವೈರ್ ಇರುವ ಡೈನಮಿಕ್ ಮೈಕ್ (ವೇದಿಕೆ ಮೇಲೆ ಹಾಡುವವರು ಸಾಮಾನ್ಯವಾಗಿ ಹಿಡಿಯುವಂಥದ್ದು) ಅಥವಾ ಯುಎಚ್‌ಎಫ್ ವೈರ್‌ಲೆಸ್ (ಬ್ಲೂಟೂತ್ ಅಲ್ಲದೆ, ತನ್ನದೇ ರಿಸೀವರ್ ಜೊತೆ ಬರುವಂಥದ್ದು) ತಗೊಳ್ಳಿ. ಟಿವಿಯಿಂದ ಸ್ಪೀಕರ್‌ಗೂ ಕೇಬಲ್ಲೇ ಇರಲಿ.

ನಮ್ಮನೇಲಿ ಅಮ್ಮ ಮೈಕ್ ಹಿಡಿದು ಸ್ಪೀಕರ್ ಮುಂದೆ ನಿಂತ ಕೂಡಲೇ ಸ್ಪೀಕರ್ ಸದ್ದು ಮತ್ತೆ ಮೈಕ್‌ಗೇ ಹೊಕ್ಕು ಕುಂಯ್ ಅಂತ ಕಿರುಚುತ್ತಿತ್ತು. ಸ್ಪೀಕರ್ ಅನ್ನು ಅವರಿಗಿಂತ ಎರಡು ಹೆಜ್ಜೆ ಮುಂದಿಟ್ಟು, ಅದರ ಮುಖ ಸೋಫಾದ ಕಡೆ ತಿರುಗಿಸಿದೆವು. ಕಿರುಚಾಟ ನಿಂತಿತು.