ಮಾತ್ರೆ ಕೊಟ್ಟರೂ ಫೆರಿಟಿನ್ ಇಳಿಯುತ್ತಿಲ್ಲವೇ?

ನಮಸ್ಕಾರ. ನಿಮ್ಮ 9 ವರ್ಷದ ಮಗನಿಗೆ ಥಲಸ್ಸೀಮಿಯಾ (ಪದೇ ಪದೇ ರಕ್ತ ಹಾಕಿಸಬೇಕಾದ ಕಾಯಿಲೆ), ಮೈಯಲ್ಲಿ ಸೇರಿದ ಕಬ್ಬಿಣ ಹೊರಹಾಕುವ ಡೆಫೆರಸಿರಾಕ್ಸ್ ಮಾತ್ರೆ ದಿನಾ ಕೊಟ್ಟರೂ ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಸೇರಿದೆ ಅಂತ ಸೂಚಿಸುವ ರಕ್ತ ಪರೀಕ್ಷೆ) 3200 ಬಂದಿದೆ, ಔಷಧಿ ಬದಲಾಯಿಸಬೇಕಾ ಅಂತ ಕೇಳಿದ್ದೀರಿ. ನನ್ನ ಮಗಳಿಗೂ ಇದೇ ಕಾಯಿಲೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕೊಡುವ ರೀತಿ ನೋಡಿ. ನಿಮ್ಮದು ನೀರಲ್ಲಿ ಕರಗಿಸುವ ಮಾತ್ರೆ ಅಲ್ವಾ? ಖಾಲಿ ಹೊಟ್ಟೆಯಲ್ಲಿ, ತಿಂಡಿಗೆ ಅರ್ಧ ಗಂಟೆ ಮೊದಲು ಕೊಡಬೇಕು. ಹಾಲಲ್ಲಿ ಕಲಸಬೇಡಿ. ಕುಡಿದ ಮೇಲೆ ಲೋಟದ ತಳದಲ್ಲಿ ಬಿಳಿ ಪುಡಿ ಅಂಟಿಕೊಂಡಿರುತ್ತದೆ. ಅದೂ ಔಷಧಿಯೇ! ಇನ್ನೊಂದು ಗುಟುಕು ನೀರು ಹಾಕಿ, ಕಲಕಿ, ಅದನ್ನೂ ಕುಡಿಸಿ. ಅಂಗಡಿಯವರು ನುಂಗುವ ಮಾತ್ರೆ ಕೊಟ್ಟರೆ ಡಾಕ್ಟರನ್ನು ಕೇಳದೆ ತರಬೇಡಿ. ಕರಗಿಸುವ 500 ಮಿಲಿಗ್ರಾಂಗೆ ನುಂಗುವ 360 ಸಮ.

ಡೋಸ್ ಮಗುವಿನ ತೂಕದ ಮೇಲೆ ನಿಂತಿದೆ. ತೂಕ ಏರಿದೆ, ಡೋಸ್ ಹಳೆಯದೇ ಇದೆಯಾ? ಮಗುವಿಗೆ ಹಾಕಿಸುವ ಒಂದು ಯೂನಿಟ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಹೆಚ್ಚಾದದ್ದನ್ನು ಹೊರಹಾಕಲು ದೇಹಕ್ಕೆ ತನ್ನದೇ ದಾರಿಯಿಲ್ಲ.

ಟೆಸ್ಟ್ ಮಾಡಿಸಿದಾಗ ಜ್ವರ, ಸೋಂಕು ಇತ್ತಾ? ಆಗ ಫೆರಿಟಿನ್ ಸುಮ್ನೆ ಏರುತ್ತದೆ. ಒಂದೇ ರಿಪೋರ್ಟ್ ನೋಡಿ ಹೆದರಬೇಡಿ, ಕೆಲವು ತಿಂಗಳ ರಿಪೋರ್ಟುಗಳನ್ನು ಒಟ್ಟಿಗೆ ಇಟ್ಟು ನೋಡಿ. ಹೃದಯ, ಲಿವರಿನಲ್ಲಿ ಕಬ್ಬಿಣ ಎಷ್ಟು ಕೂತಿದೆ ಅಂತ ತಿಳಿಯಲು ಟಿ2ಸ್ಟಾರ್ ಎಂಆರ್‌ಐ ಇದೆ, ಮಾಡಿಸಬೇಕಾ ಅಂತ ವಿಚಾರಿಸಿ.

ಡೋಸ್ ಮಾತ್ರ ನೀವಾಗಿಯೇ ಜಾಸ್ತಿ ಮಾಡಬೇಡಿ. ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ಟೆಸ್ಟ್ ತಪ್ಪಿಸಬೇಡಿ. ವಾಂತಿ ಭೇದಿ ಜೋರಾದ ದಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.